ಸಾಕು ನಾಯಿಯ ಅನಾರೋಗ್ಯ: ನಿರ್ಲಕ್ಷಿಸಬಾರದ ಲಕ್ಷಣಗಳು

ಬೀದರ್ ನಗರದ ಸುತ್ತಲಿನ ಹಾಗೂ ಭಾಲ್ಕಿ, ಔರಾದ್ ತಾಲ್ಲೂಕುಗಳ ಗ್ರಾಮಗಳಲ್ಲಿ ಮನೆ, ಹೊಲ ಮತ್ತು ಕುರಿಹಟ್ಟಿಗಳ ಕಾವಲಿಗೆ ನಾಯಿ ಸಾಕುವುದು ರೂಢಿ. ನಾಯಿಯು ಕಾಯಿಲೆ ಬಿದ್ದಾಗ ಅಥವಾ ಯಾರನ್ನಾದರೂ ಕಚ್ಚಿದಾಗ ಸುದ್ದಿಯು ಬೇಗನೆ ಗ್ರಾಮ ಪಂಚಾಯತ್ ಸದಸ್ಯರಿಗೆ ತಲುಪುತ್ತದೆ. ಆ ಹೊತ್ತಿನಲ್ಲಿ ಸದಸ್ಯರು ನೀಡುವ ಸರಿಯಾದ ಸಲಹೆಯು ನಾಯಿಯ ಜೊತೆಗೆ ಮನುಷ್ಯನ ಜೀವವನ್ನೂ ಉಳಿಸಬಲ್ಲದು.

1. ಅದೇ ದಿನ ಪಶುವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು

ಆರೋಗ್ಯವಂತ ನಾಯಿಯ ದೇಹದ ಉಷ್ಣತೆಯು ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಆದ್ದರಿಂದ ಮೈ ಬೆಚ್ಚಗಿರುವುದಷ್ಟೇ ಜ್ವರದ ಗುರುತಲ್ಲ. ಕೆಳಗಿನವುಗಳನ್ನು ಗಮನಿಸತಕ್ಕದ್ದು:

ಅ) ಮರಿಯಲ್ಲಿ ಪದೇ ಪದೇ ವಾಂತಿ, ರಕ್ತಮಿಶ್ರಿತ ಭೇದಿ: ಪಾರ್ವೋ ರೋಗವಿರಬಹುದು. ದೇಹದ ನೀರಿನಂಶ ನಷ್ಟವಾಗಿ ಮರಿಯು ಒಂದೆರಡು ದಿನಗಳಲ್ಲೇ ಸಾಯಬಹುದು.

ಆ) ವಸಡು ಬಿಳಿಚಿಕೊಳ್ಳುವುದು, ಮೂಗಿನಿಂದ ರಕ್ತ, ಜ್ವರ: ಉಣ್ಣೆಗಳಿಂದ ಹರಡುವ ರಕ್ತದ ಸೋಂಕಿರಬಹುದು.

ಇ) ಕಣ್ಣು, ಮೂಗಿನಿಂದ ಕೀವಿನಂತಹ ಸ್ರಾವ, ಕೆಮ್ಮು, ಸ್ನಾಯು ಸೆಳೆತ: ಡಿಸ್ಟೆಂಪರ್ ಇರಬಹುದು.

ಈ) ಬಿಸಿಲಿನಲ್ಲಿ ಕಟ್ಟಿದ್ದ ನಾಯಿಯು ವಿಪರೀತ ಏದುಸಿರು ಬಿಟ್ಟು ಕುಸಿಯುವುದು: ಶಾಖಾಘಾತ. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸಬೇಕು.

2. ರೇಬೀಸ್: ಕಚ್ಚದ ನಾಯಿಯಿಂದಲೂ ಅಪಾಯ

ಹುಚ್ಚು ಹಿಡಿದ ನಾಯಿ ಎಂದರೆ ಓಡಾಡಿ ಸಿಕ್ಕವರನ್ನು ಕಚ್ಚುವ ನಾಯಿ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಈ ರೋಗಕ್ಕೆ ಮೂಕ ಸ್ವರೂಪವೂ ಇದೆ. ಅದರಲ್ಲಿ ನಾಯಿಯು ಮಂಕಾಗಿ ಕತ್ತಲ ಮೂಲೆ ಸೇರುತ್ತದೆ, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತದೆ, ಬೊಗಳುವ ದನಿ ಬದಲಾಗುತ್ತದೆ, ನುಂಗಲಾಗದು, ಹಿಂಗಾಲು ತೂರಾಡುತ್ತದೆ. ಗಂಟಲಿನಲ್ಲಿ ಮೂಳೆ ಸಿಕ್ಕಿದೆಯೆಂದು ಭಾವಿಸಿ ಮನೆಯವರು ಬಾಯಿಗೆ ಕೈ ಹಾಕುವುದು ಇಂತಹ ಸಂದರ್ಭದಲ್ಲಿಯೇ. ಜೊಲ್ಲಿನಲ್ಲಿರುವ ವೈರಾಣು ಕೈಯ ಸಣ್ಣ ಗಾಯದ ಮೂಲಕವೂ ದೇಹ ಸೇರಬಲ್ಲದು. ಆದ್ದರಿಂದ ಅಂತಹ ನಾಯಿಯ ಬಾಯಿಗೆ ಕೈ ಹಾಕಬಾರದು. ಸಾಧ್ಯವಾದರೆ ದೂರದಿಂದಲೇ ಕೋಣೆಯಲ್ಲಿ ಕೂಡಿಹಾಕಿ ಪಶುವೈದ್ಯರಿಗೆ ತಿಳಿಸಬೇಕು.

3. ಕಚ್ಚಿದಾಗ ಅಥವಾ ಜೊಲ್ಲು ಗಾಯಕ್ಕೆ ತಗುಲಿದಾಗ

ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ತೆರಳಿ ಲಸಿಕೆ ಆರಂಭಿಸಿ, ಎಲ್ಲ ಸರದಿಗಳನ್ನೂ ಪೂರ್ಣಗೊಳಿಸಬೇಕು. ಗಾಯವು ಆಳವಾಗಿದ್ದರೆ ಇಮ್ಯುನೋಗ್ಲೋಬ್ಯುಲಿನ್ ಸಹ ಅಗತ್ಯ. ಕಚ್ಚಿದ ನಾಯಿಯನ್ನು 10 ದಿನ ನಿಗಾದಲ್ಲಿಡಬೇಕು. ಆದರೆ ಆ ಕಾರಣಕ್ಕೆ ಲಸಿಕೆಯನ್ನು ಮುಂದೂಡಬಾರದು. ಮನುಷ್ಯರಲ್ಲಿ ರೋಗಲಕ್ಷಣ ಕಾಣಿಸಿಕೊಂಡ ನಂತರ ಬದುಕುಳಿಯುವುದು ಅತ್ಯಂತ ವಿರಳ. ಕರ್ನಾಟಕದಲ್ಲಿ ಮಾನವ ರೇಬೀಸ್ 2022ರಿಂದ ಅಧಿಸೂಚಿತ ರೋಗವಾಗಿದೆ.

4. ಸದಸ್ಯರು ಕೈಗೊಳ್ಳಬೇಕಾದ ಕ್ರಮ

ಅ) ಸಾಕು ನಾಯಿಗಳಿಗೆ ಮೂರು ತಿಂಗಳ ವಯಸ್ಸಿನಲ್ಲಿ ರೇಬೀಸ್ ಲಸಿಕೆ, ನಂತರ ಪಶುವೈದ್ಯರ ಸಲಹೆಯಂತೆ ವರ್ಧಕ ಲಸಿಕೆ ಹಾಕಿಸುವಂತೆ ಗ್ರಾಮಸಭೆಯಲ್ಲಿ ತಿಳಿವಳಿಕೆ ನೀಡುವುದು.

ಆ) ಪಶು ಚಿಕಿತ್ಸಾಲಯದ ದೂರವಾಣಿ ಸಂಖ್ಯೆ ಹಾಗೂ ಪಶು ಸಹಾಯವಾಣಿ 1962 ಅನ್ನು ಪಂಚಾಯತ್ ಸೂಚನಾ ಫಲಕದಲ್ಲಿ ಬರೆಸುವುದು.

ಇ) ಶಂಕಿತ ನಾಯಿ ಸತ್ತರೆ ಬರಿಗೈಯಲ್ಲಿ ಮುಟ್ಟದಂತೆ, ಹೂಳುವ ಮೊದಲು ಪಶುವೈದ್ಯರಿಗೆ ತಿಳಿಸುವಂತೆ ಸೂಚಿಸುವುದು. ಮೆದುಳಿನ ಮಾದರಿಯ ಪರೀಕ್ಷೆಯಿಂದಲೇ ರೋಗ ಖಚಿತವಾಗುತ್ತದೆ. ನಾಯಿಯ ತಲೆಗೆ ಹೊಡೆದು ಕೊಂದರೆ ಆ ಅವಕಾಶ ಕೈತಪ್ಪಬಹುದು.

ಈ) ಅದೇ ನಾಯಿ ಕಚ್ಚಿದ ಇತರ ವ್ಯಕ್ತಿಗಳು ಹಾಗೂ ಜಾನುವಾರುಗಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ಕೂಡಲೇ ಸಿದ್ಧಪಡಿಸಿ, ಒಬ್ಬರೂ ಚಿಕಿತ್ಸೆಯಿಂದ ಬಿಟ್ಟುಹೋಗದಂತೆ ನೋಡಿಕೊಳ್ಳುವುದು.