ಹೊಸ ಶ್ರವಣಯಂತ್ರವೂ ಹಳೆಯ ಕಿವಿಯೂ

ವಯಸ್ಸಾದ ತಂದೆತಾಯಿಗಳಿಗೆಂದು ಮಕ್ಕಳು ಅಕ್ಕರೆಯಿಂದ, ಸಾಕಷ್ಟು ಹಣ ವೆಚ್ಚಮಾಡಿ ತಂದುಕೊಟ್ಟ ಶ್ರವಣಯಂತ್ರವು ಕೆಲವೇ ದಿನಗಳಲ್ಲಿ ಕಿವಿಯಿಂದಿಳಿದು ಡಬ್ಬಿಯನ್ನೂ, ಆ ಡಬ್ಬಿಯು ಬೀರುವಿನ ಮೂಲೆಯನ್ನೂ ಸೇರುವುದು ನಮ್ಮ ಅನೇಕ ಮನೆಗಳಲ್ಲಿ ನಡೆಯುತ್ತಿರುವ ಸಂಗತಿ. ಹಿರಿಯರದು ಹಟವೆಂದು ಮಕ್ಕಳೂ, ಯಂತ್ರವು ಕೆಲಸಕ್ಕೆ ಬಾರದೆಂದು ಹಿರಿಯರೂ ತೀರ್ಮಾನಿಸಿಬಿಡುತ್ತಾರೆ. ಬಹುಮಟ್ಟಿಗೆ ಈ ಎರಡು ತೀರ್ಮಾನಗಳೂ ಅನ್ಯಾಯವಾದವು. ಕನ್ನಡಕವನ್ನು ಹಾಕಿಕೊಂಡೊಡನೆ ಅಕ್ಷರಗಳು ಸ್ಪಷ್ಟವಾಗುವುದನ್ನು ಕಂಡಿರುವ ನಾವು, ಶ್ರವಣಯಂತ್ರವೂ ಹಾಗೆಯೇ ಎಂದು ನಂಬಿರುವುದರಲ್ಲಿಯೇ ಈ ಕಷ್ಟದ ಮೂಲವಿದೆ. ಕನ್ನಡಕವು ಬೆಳಕನ್ನು ಬಾಗಿಸಿ ಆರೋಗ್ಯವಾಗಿರುವ ಅಕ್ಷಿಪಟಲದ ಮೇಲೆ ಬೀಳಿಸುತ್ತದೆ. ವೃದ್ಧಾಪ್ಯದ ಕಿವುಡಿನಲ್ಲಾದರೋ ಶಬ್ದವನ್ನು ಗ್ರಹಿಸುವ ಕೋಶಗಳೇ ನಶಿಸಿರುತ್ತವೆ.

ಒಳಗಿವಿಯಲ್ಲಿ ಸುಮಾರು ಎರಡೂವರೆ ಸುತ್ತು ಸುರುಳಿಗೊಂಡಿರುವ ಕಾಕ್ಲಿಯ ಎಂಬ ಅಂಗವಿದೆ. ಅದರೊಳಗೆ ಸುಮಾರು 35 ಮಿಲಿಮೀಟರ್ ಉದ್ದದ ಒಂದು ಪಟಲವೂ, ಅದರ ಮೇಲೆ ಸಾಲುಗೊಂಡ ಸುಮಾರು 15,000 ರೋಮಕೋಶಗಳೂ ಇವೆ. ಶಬ್ದವು ಈ ಪಟಲದ ಮೇಲೆ ಅಲೆಯಾಗಿ ಸಾಗುವಾಗ, ತೀಕ್ಷ್ಣವಾದ ಸ್ವರಗಳು ಅದರ ಬುಡದಲ್ಲಿಯೂ ಮಂದ್ರವಾದವು ತುದಿಯಲ್ಲಿಯೂ ಗರಿಷ್ಠ ಕಂಪನವನ್ನು ಉಂಟುಮಾಡುತ್ತವೆಂಬುದನ್ನು ತೋರಿಸಿಕೊಟ್ಟ ಗೇಯಾರ್ಗ್ ಫಾನ್ ಬೇಕೆಶಿಯವರಿಗೆ 1961ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ವಯೋಧರ್ಮದಿಂದ ಮೊದಲು ಸವೆಯುವುದು ಬುಡದ ಕೋಶಗಳೇ; ಮನುಷ್ಯರಲ್ಲಿ ಒಮ್ಮೆ ನಶಿಸಿದ ರೋಮಕೋಶ ಮತ್ತೆ ಹುಟ್ಟದು.

ಇದರ ಪರಿಣಾಮ ಮಾತಿನ ಮೇಲೆ ವಿಚಿತ್ರವಾಗಿ ಆಗುತ್ತದೆ. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಆವೃತ್ತಿಗಳಲ್ಲಿರುವುದರಿಂದ ಅವು ಕೇಳಿಸುತ್ತಲೇ ಇರುತ್ತವೆ. ಸ, ಶ, ಚ, ತ ಮೊದಲಾದ ವ್ಯಂಜನಗಳ ಗುರುತಾದರೋ ಹೆಚ್ಚಾಗಿ 2000 ಹರ್ಟ್ಸಿಗಿಂತ ಮೇಲಿದ್ದು, ಅವುಗಳ ಬಲವೂ ಸ್ವಲ್ಪವೇ. ಆದುದರಿಂದ ಕಾಲು, ಹಾಲು, ಸಾಲು, ಪಾಲು ಎಂಬ ನಾಲ್ಕು ಮಾತುಗಳೂ ಅಂಥ ಕಿವಿಗೆ ಹೆಚ್ಚುಕಡಮೆ ಒಂದೇ. ‘ಕೇಳಿಸುತ್ತದೆ, ಆದರೆ ಏನೆಂದು ತಿಳಿಯುವುದಿಲ್ಲ’ ಎಂದು ಹಿರಿಯರು ಹೇಳುವ ಮಾತು ಅಕ್ಷರಶಃ ಸತ್ಯವಾದುದು. ಅದನ್ನು ನೆಪವೆಂದು ತಳ್ಳಿಹಾಕುವುದು ನಿಷ್ಠುರತೆ.

ಇನ್ನೊಂದು ತೊಡಕೂ ಇದೆ. ಮೊಮ್ಮಗನು ‘ಅಜ್ಜಾ’ ಎಂದು ಮೆಲ್ಲನೆ ಕರೆದರೆ ಕೇಳದು, ಎರಡನೆಯ ಸಲ ಕರೆದರೂ ಕೇಳದು, ಮೂರನೆಯ ಸಲ ಗಟ್ಟಿಯಾಗಿ ಕೂಗಿದರೆ ‘ಯಾಕಪ್ಪಾ ಹಾಗೆ ಕಿರಚ್ತೀಯ?’ ಎಂಬ ಉತ್ತರ ಬರುತ್ತದೆ. ರೋಮಕೋಶಗಳಲ್ಲಿ ಬಹುಪಾಲಿನ ಕೆಲಸ ಮೆಲುದನಿಯನ್ನು ವರ್ಧಿಸುವುದು. ಅವು ಹೋದಾಗ ಮೆಲುದನಿ ಮಾತ್ರ ಮಾಯವಾಗುತ್ತದೆ. ಗಟ್ಟಿಯಾದ ಸದ್ದು ಮೊದಲಿನಷ್ಟೇ ಗಟ್ಟಿಯಾಗಿ ಕಿವಿಯನ್ನು ಚುಚ್ಚುತ್ತದೆ. ಎಲ್ಲ ಸದ್ದನ್ನೂ ಸಮನಾಗಿ ಹಿಗ್ಗಿಸುತ್ತಿದ್ದ ಹಿಂದಿನ ಯಂತ್ರಗಳು ಇದರಿಂದಲೇ ಅಪ್ರಿಯವಾದವು. 1996ರ ಸುಮಾರಿಗೆ ಮಾರುಕಟ್ಟೆಗೆ ಬಂದ ಡಿಜಿಟಲ್ ಯಂತ್ರಗಳೂ ಅವುಗಳ ಸಂತತಿಯೂ ಮೆಲುದನಿಯನ್ನು ಹೆಚ್ಚಾಗಿ, ಗಟ್ಟಿದನಿಯನ್ನು ಅಲ್ಪವಾಗಿ ಏರಿಸಿ, ಈ ಕೊರತೆಯನ್ನು ಬಹಳಮಟ್ಟಿಗೆ ತುಂಬಿಕೊಡುತ್ತವೆ.

ಅಷ್ಟಾದರೂ ಮೊದಲ ದಿನಗಳು ಕಠಿನವೇ. ಕಿವುಡು ಒಂದೇ ದಿನದಲ್ಲಿ ಬರುವುದಿಲ್ಲ. ವರ್ಷಾನುವರ್ಷ ಮೆಲ್ಲಮೆಲ್ಲನೆ ಕವಿಯುತ್ತದೆ. ಆ ಕಾಲದಲ್ಲೆಲ್ಲ ಕಿವಿಯಿಂದ ಬರುವ ಸಂಕೇತ ಕ್ಷೀಣಿಸಿದಂತೆ ಮೆದುಳಿನ ಶ್ರವಣಮಾರ್ಗಗಳು ತಮ್ಮ ಸಂವೇದನೆಯನ್ನು ಏರಿಸಿಕೊಳ್ಳುತ್ತವೆ. ಜೊತೆಗೆ, ಅಲಕ್ಷ್ಯ ಮಾಡಬೇಕಾದ ಸದ್ದು ಯಾವುದು, ಲಕ್ಷ್ಯ ಕೊಡಬೇಕಾದುದು ಯಾವುದೆಂಬ ವಿವೇಚನೆಯ ಅಭ್ಯಾಸವೂ ತಪ್ಪಿಹೋಗುತ್ತದೆ. ಅಂಥ ಮೆದುಳಿಗೆ ಒಂದು ಬೆಳಗ್ಗೆ ಎಲ್ಲವೂ ಒಮ್ಮೆಗೇ ಮರಳಿ ಬಂದರೆ ಏನಾದೀತು? ಅಡಿಗೆಮನೆಯಲ್ಲಿ ಒಗ್ಗರಣೆಗೆ ಬಿದ್ದ ಸಾಸಿವೆ ಸಿಡಿಯುವುದು, ಪತ್ರಿಕೆಯ ಹಾಳೆ ಮಗುಚುವುದು, ಫ್ಯಾನಿನ ಗರಗರ, ಸ್ಟೀಲಿನ ತಟ್ಟೆಗೆ ಲೋಟ ತಗಲುವುದು, ತಮ್ಮದೇ ಚಪ್ಪಲಿಯ ಸಪ್ಪಳ — ಇವೆಲ್ಲವೂ ಮಗಳ ಮಾತಿನಷ್ಟೇ ಪ್ರಾಧಾನ್ಯವನ್ನು ಬೇಡುತ್ತ ಮುನ್ನುಗ್ಗುತ್ತವೆ. ಸಾಸಿವೆಯ ಸದ್ದನ್ನು ಮರೆತೇಬಿಟ್ಟಿದ್ದ ವೃದ್ಧೆಗೆ ಅದು ಯಾವ ಸದ್ದೆಂಬುದೇ ಕ್ಷಣಕಾಲ ಹೊಳೆಯದಿರಬಹುದು. ಇದು ಯಂತ್ರದ ದೋಷವಲ್ಲ. ಕಳೆದುಹೋಗಿದ್ದ ಆವೃತ್ತಿಗಳನ್ನು ಅದು ಮರಳಿ ಕೊಡುತ್ತಿದೆಯೆಂಬುದಕ್ಕೆ ಇದೇ ಸಾಕ್ಷಿ.

ತಮ್ಮದೇ ದನಿ ಗುಮ್ಮೆಂದು ಮೊಳಗುತ್ತದೆಂಬ ದೂರು ಇದಕ್ಕಿಂತ ಭಿನ್ನವಾದುದು. ಎರಡು ಕಿವಿಗಳನ್ನೂ ಬೆರಳುಗಳಿಂದ ಮುಚ್ಚಿಕೊಂಡು ಮೊದಲು ‘ಆ’ ಎಂದೂ ಅನಂತರ ‘ಈ’ ಎಂದೂ ಎಳೆದು ನೋಡಿ. ‘ಈ’ಕಾರವು ತಲೆಯೊಳಗೆ ಹೆಚ್ಚಾಗಿ ಮೊಳಗುವುದು ಅನುಭವಕ್ಕೆ ಬಂದೀತು. ನಾವು ಮಾತಾಡುವಾಗ ತಲೆಯ ಮೂಳೆಗಳ ಮೂಲಕ ಕರ್ಣನಾಳವನ್ನು ಸೇರುವ ಕಂಪನವು ಸಾಮಾನ್ಯವಾಗಿ ಹೊರಕ್ಕೆ ಹರಿದುಹೋಗುತ್ತದೆ. ನಾಳವನ್ನು ಮುಚ್ಚಿದರೆ ಅದು ಅಲ್ಲಿಯೇ ಸೆರೆಸಿಕ್ಕಿ ಮಂದ್ರಭಾಗವನ್ನು ಉಬ್ಬಿಸುತ್ತದೆ. ಇದನ್ನು ಸಹಿಸಿಕೊಂಡೇ ಇರಬೇಕೆಂದಿಲ್ಲ. ಯಂತ್ರದ ಭಾಗವಾಗಿ ನಾಳದೊಳಗೆ ಕೂರುವ ಕಿವಿಯಚ್ಚಿಗೆ ಗಾಳಿಯಾಡುವ ಕಿರುರಂಧ್ರವನ್ನು ಕೊರೆಯುವುದರಿಂದಲೋ ತೂತುಗಳುಳ್ಳ ಮೆತ್ತನೆಯ ತುದಿಯನ್ನು ಅಳವಡಿಸುವುದರಿಂದಲೋ ಎಷ್ಟೋ ಪರಿಹಾರವಾಗುತ್ತದೆ. ಕಿವುಡು ತೀವ್ರವಾಗಿದ್ದಲ್ಲಿ ಮಾತ್ರ ಶಬ್ದ ಹೊರಸೋರಿ ಸಿಳ್ಳು ಹಾಕುವ ಭಯದಿಂದ ರಂಧ್ರವನ್ನು ಕಿರಿದಾಗಿಯೇ ಇಡಬೇಕಾಗುತ್ತದೆ.

ಮೆದುಳು ಒಗ್ಗಿಕೊಳ್ಳಲು ಎಷ್ಟು ಕಾಲ ಬೇಕು? ಗ್ಲಾಸ್ಗೋದ ಸ್ಟುವರ್ಟ್ ಗೇಟ್‌ಹೌಸ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಂತ್ರದ ಪೂರ್ಣ ಪ್ರಯೋಜನವು ಕೂಡಲೇ ಗೋಚರಿಸದೆ, ಕನಿಷ್ಠ ಆರರಿಂದ ಹನ್ನೆರಡು ವಾರಗಳ ಅವಧಿಯಲ್ಲಿ ಕ್ರಮಕ್ರಮವಾಗಿ ಗೋಚರಿಸಿತು. ಅನಂತರದ ಶೋಧನೆಗಳೆಲ್ಲವೂ ಅಷ್ಟೇ ಪ್ರಮಾಣದ ಸುಧಾರಣೆಯನ್ನು ಕಾಣಲಿಲ್ಲವಾದರೂ, ಒಂದು ವಾರದಲ್ಲಿಯೇ ಯಂತ್ರದ ಯೋಗ್ಯತೆಯನ್ನು ನಿರ್ಣಯಿಸುವುದು ಅವಸರವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮೊದಲು ಮನೆಯ ಶಾಂತವಾದ ಕೋಣೆಯಲ್ಲಿ, ಪರಿಚಿತವಾದ ಒಂದೇ ಕಂಠದೊಡನೆ ಸಂಭಾಷಣೆ, ಆಮೇಲೆ ಇಬ್ಬರೊಡನೆ, ಆಮೇಲೆ ಬೀದಿ, ಅಂಗಡಿ. ಪ್ರತಿದಿನ ಪತ್ರಿಕೆಯ ಒಂದು ಭಾಗವನ್ನು ತಾವೇ ಗಟ್ಟಿಯಾಗಿ ಓದುವುದರಿಂದ ಕಣ್ಣು ಕಂಡ ಅಕ್ಷರಕ್ಕೂ ಕಿವಿ ಕೇಳಿದ ವ್ಯಂಜನಕ್ಕೂ ಮತ್ತೆ ನಂಟು ಬೆಳೆಯುತ್ತದೆ. ಬೇಸರವಾದಾಗ ಕೆಲಹೊತ್ತು ತೆಗೆದಿಡಬಹುದು, ಆದರೆ ದಿನದಿನಕ್ಕೆ ಅವಧಿ ಹೆಚ್ಚಬೇಕು. ಸಮಾರಂಭಗಳಿಗೆ ಮಾತ್ರ ಧರಿಸುವವರು ಕಠಿನತಮವಾದ ಪರೀಕ್ಷೆಗೆ ಅಭ್ಯಾಸವಿಲ್ಲದೆ ಹೋಗುತ್ತಾರೆ.

ಕಲ್ಯಾಣಮಂಟಪದಲ್ಲಿ ನಾದಸ್ವರ, ಡೋಲು, ನೂರು ಜನರ ಮಾತು ಒಟ್ಟಾಗಿರುವಾಗ ಅತ್ಯುತ್ತಮವಾದ ಯಂತ್ರವೂ ಸೋಲುತ್ತದೆ. ಏಕೆಂದರೆ ನಾದಗಳನ್ನು ಸೂಕ್ಷ್ಮವಾಗಿ ಬೇರ್ಪಡಿಸುವ ಶಕ್ತಿ ಕೋಶಗಳೊಡನೆಯೇ ಹೋಗಿದೆ, ಅದನ್ನು ವರ್ಧನೆಯಿಂದ ತರಲಾಗದು. ಗದ್ದಲಕ್ಕೆ ಬೆನ್ನು, ಮಾತಾಡುವವರಿಗೆ ಮುಖ ಮಾಡಿ ಕುಳಿತರೆ ಎದುರಿನ ದನಿಯನ್ನು ಆರಿಸಿಕೊಳ್ಳುವ ಮೈಕ್ರೋಫೋನಿಗೆ ಸಹಾಯವಾಗುತ್ತದೆ. ಮನೆಯವರೂ ಕಲಿಯಬೇಕಾದುದಿದೆ: ಬೇರೆ ಕೋಣೆಯಿಂದ ಕೂಗಬಾರದು. ಕೂಗಿದಾಗ ಬಲಗೊಳ್ಳುವುದು ಸ್ವರಗಳು, ಬೇಕಾದ ವ್ಯಂಜನಗಳಲ್ಲ. ಎದುರಿಗೆ ಬಂದು, ಮುಖ ಕಾಣುವಂತೆ, ಸ್ವಲ್ಪ ನಿಧಾನವಾಗಿ ಹೇಳಿದ ಮಾತೇ ತಲಪುತ್ತದೆ.

1965ರಲ್ಲಿ ಆರಂಭವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ, ಊರಿನ ಶ್ರವಣತಜ್ಞರಲ್ಲಾಗಲಿ, ಯಂತ್ರವನ್ನು ಪಡೆದವರು ಎರಡನೆಯ, ಮೂರನೆಯ ಭೇಟಿಯನ್ನು ತಪ್ಪಿಸಬಾರದು. ದಿನಕ್ಕೆ ಎಷ್ಟು ಗಂಟೆ ಧರಿಸಿದ್ದರೆಂಬುದನ್ನು ಇಂದಿನ ಬಹಳ ಯಂತ್ರಗಳು ತಾವೇ ದಾಖಲಿಸಿರುತ್ತವೆ. ಉಳಿದುದನ್ನು ಹೇಳಬೇಕಾದವರು ಧರಿಸಿದವರೇ. ‘ಚೆನ್ನಾಗಿಲ್ಲ’ ಎಂಬ ಒಂದೇ ಮಾತಿನಿಂದ ತಜ್ಞರಿಗೆ ದಾರಿ ಕಾಣದು. ‘ಮಗನ ಮಾತು ತಿಳಿಯುತ್ತದೆ, ಮೊಮ್ಮಗಳದು ತಿಳಿಯದು, ಪಾತ್ರೆ ಬಿದ್ದರೆ ನೋಯುತ್ತದೆ, ಅಗಿಯುವಾಗ ಸಿಳ್ಳು ಬರುತ್ತದೆ’ ಎಂದು ಬಿಡಿಬಿಡಿಯಾಗಿ ಹೇಳಿದರೆ, ಅವರು ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ, ಕರ್ಣನಾಳದೊಳಗೆ ತೆಳುವಾದ ನಳಿಕೆಯಿಟ್ಟು ಅಲ್ಲಿ ನಿಜವಾಗಿ ತಲಪುತ್ತಿರುವ ಶಬ್ದವನ್ನು ಅಳೆದು, ಆಯಾ ಆವೃತ್ತಿಯ ಬಲವನ್ನು ತಿದ್ದಿಕೊಡಬಲ್ಲರು.