ಅನ್ನದ ಸೀಮೆಯಲ್ಲಿ ಗೋಧಿಯ ಕಾಯಿಲೆ

ನಿವೃತ್ತನಾದ ಮರುವರ್ಷ ನನ್ನ ರಕ್ತದಲ್ಲಿ ಸಕ್ಕರೆಯ ಅಂಶ ಮೇರೆ ಮೀರಿರುವುದು ಪತ್ತೆಯಾಯಿತು. ರಾತ್ರಿ ಗಂಜಿಯೂಟ ಬಿಟ್ಟು ಚಪಾತಿ ತಿನ್ನಬೇಕೆಂಬ ಸಲಹೆ ಬಂತು. ಕರಾವಳಿಯಲ್ಲಿ ಅರವತ್ತು ದಾಟಿದವರ ಪೈಕಿ ಈ ಸಲಹೆ ಕೇಳದವರು ವಿರಳ. ವಂಡ್ಸೆಯ ನಮ್ಮ ಮನೆಗೆ ಅಲ್ಲಿಯವರೆಗೆ ಗೋಧಿ ಬರುತ್ತಿದ್ದುದು ನೆಂಟರು ಬಂದಾಗಿನ ಪೂರಿಗೆ ಮಾತ್ರ.

ಒಂದೂವರೆ ವರ್ಷದಲ್ಲಿ ಒಂಬತ್ತು ಕಿಲೋ ಇಳಿದೆ. ಪಥ್ಯದ ಫಲವೆಂದು ಬಂಧುಗಳು ಮೆಚ್ಚಿಕೊಂಡರು. ಹೊಟ್ಟೆಯುಬ್ಬರ, ಭೇದಿ, ಕಬ್ಬಿಣಾಂಶದ ಮಾತ್ರೆಗೆ ಜಗ್ಗದ ರಕ್ತಹೀನತೆ ಇವನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದದ್ದಾಯಿತು. ‘ಸೀಲಿಯಾಕ್ ಇರಬಹುದೇ?’ ಎಂದು ಮುಂಬೈಯಿಂದ ಬಂದ ಮಗಳು ಕೇಳಿದಾಗ, ಅದು ಪಂಜಾಬಿನವರ ಕಾಯಿಲೆ ಎಂದು ವೈದ್ಯರೊಬ್ಬರು ನಕ್ಕುಬಿಟ್ಟರು.

ಆ ಮಾತು ಪೂರ್ತಿ ಸುಳ್ಳೇನಲ್ಲ. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನನ್ನು ಕಂಡು ದೇಹ ತನ್ನ ಕರುಳಿನ ಮೇಲೆಯೇ ತಿರುಗಿಬೀಳುವ ಈ ಕಾಯಿಲೆಯ ಪ್ರತಿಕಾಯಗಳು, 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಉತ್ತರ ಭಾರತದಲ್ಲಿ ಶೇ 1.23ರಷ್ಟು ವಯಸ್ಕರಲ್ಲಿವೆ, ದಕ್ಷಿಣದಲ್ಲಿ ಶೇ 0.10. ಆದರೆ ಕಾಯಿಲೆಗೆ ಬೇಕಾದ ವಂಶವಾಹಿ ಎರಡೂ ಕಡೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿದೆ. ಅಂತರವಿರುವುದು ತಟ್ಟೆಯಲ್ಲಿ: ಅಲ್ಲಿ ದಿನಕ್ಕೆ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ಬೆಲೆ, ವರಮಾನಗಳಿಂದ ಬೇಡಿಕೆ ಬದಲಾಗುತ್ತದೆಂದು ಅರ್ಥಶಾಸ್ತ್ರದಲ್ಲಿ ಓದಿದ್ದೆ. ವೈದ್ಯರ ಚೀಟಿಯಿಂದ ಬದಲಾಗುವ ಬೇಡಿಕೆ ಪಠ್ಯದಲ್ಲಿರಲಿಲ್ಲ.

ಪರೀಕ್ಷೆಯಲ್ಲಿ ನಾನೇ ಎಡವಿದೆ. ಮಗಳ ಮಾತು ಕೇಳಿ ಮೊದಲೇ ಗೋಧಿ ಬಿಟ್ಟೆ, ಹೊಟ್ಟೆ ಹಗುರವಾಯಿತು, ತಿಂಗಳುಗಳ ನಂತರ ರಕ್ತ ಕೊಟ್ಟೆ. ವರದಿಯಲ್ಲಿ ಏನೂ ಇರಲಿಲ್ಲ. ಗೋಧಿ ನಿಂತರೆ ರಕ್ತದಲ್ಲಿನ ಪ್ರತಿಕಾಯಗಳೂ ಕ್ರಮೇಣ ಇಳಿಯುತ್ತವೆ ಎಂದು ಮುಂದೆ ಕಂಡ ತಜ್ಞರು ವಿವರಿಸಿದರು. ಮತ್ತೆ ಆರು ವಾರ ದಿನಕ್ಕೆರಡು ಚಪಾತಿ ತಿಂದು ಬರಬೇಕೆಂಬ ಅಪ್ಪಣೆಯಾಯಿತು. ಕಾಯಿಲೆಯನ್ನು ದುಡ್ಡು ಕೊಟ್ಟು ತರಿಸಿಕೊಂಡಂತಿದ್ದ ವಾರಗಳವು. ಈ ಬಾರಿ ಪ್ರತಿಕಾಯಗಳು ಸಿಕ್ಕವು. ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಚೂರು ತೆಗೆದು ನೋಡಿದಾಗ, ಆಹಾರ ಹೀರುವ ಎಳೆಗಳು ಸವೆದು ಸಮತಟ್ಟಾಗಿದ್ದವು.

ಔಷಧವಿಲ್ಲ; ಗೋಧಿ ಆಜನ್ಮ ವರ್ಜ್ಯ. ಕಡುಬು, ನೀರುದೋಸೆ, ಪತ್ರೊಡೆಗಳ ಊರಿನಲ್ಲಿ ಇದೇನು ಕಷ್ಟವೆಂದುಕೊಂಡಿದ್ದೆ. ತಿಂಗಳು ಕಳೆದರೂ ಹೊಟ್ಟೆ ಸರಿಹೋಗಲಿಲ್ಲ. ಕೊನೆಗೆ ಸಿಕ್ಕಿಬಿದ್ದದ್ದು ಸಾರಿನ ಇಂಗು! ಡಬ್ಬಿಯ ಇಂಗಿಗೆ ಬಹುಪಾಲು ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಅಂದಿನಿಂದ ಮದುವೆಯೂಟಕ್ಕೆ ಹೋದರೆ ಮೊದಲು ಅಡುಗೆಭಟ್ಟರನ್ನು ಕಾಣುತ್ತೇನೆ. ‘ಇಂಗಿನಲ್ಲಿ ಗೋಧಿಯೇ?’ ಎಂದು ಅವರೂ ನಗುತ್ತಾರೆ. ಡಬ್ಬಿ ತಿರುಗಿಸಿ ಓದಿದ ಮೇಲೆ ನಗುವುದಿಲ್ಲ.

ಪ್ರಯಾಣದ ಗತಿ ಬೇರೆ. ಕುಂದಾಪುರದಲ್ಲಿ ಮತ್ಸ್ಯಗಂಧ ಹತ್ತುವಾಗ ಸ್ಟೀಲು ಡಬ್ಬಿಯಲ್ಲಿ ಕಡುಬು, ಚೀಲದಲ್ಲಿ ಅವಲಕ್ಕಿ, ಬಾಳೆಹಣ್ಣು ಇರುತ್ತವೆ. ಹೋಟೆಲಿನಲ್ಲಿ ದೋಸೆಯನ್ನೂ ನಂಬುವಂತಿಲ್ಲ. ರವೆ ದೋಸೆ ಹೊಯ್ದ ಕಾವಲಿಯಲ್ಲೇ ಅದನ್ನೂ ಹೊಯ್ಯುತ್ತಾರೆ. ಬರೀ ಇಡ್ಲಿ, ಮೊಸರನ್ನ ಕೇಳುತ್ತೇನೆ. ಪೊಟ್ಟಣದ ತಿಂಡಿಯಾದರೆ ‘ಗ್ಲುಟೆನ್ ರಹಿತ’ ಎಂಬ ಮುದ್ರೆ ಹುಡುಕುತ್ತೇನೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಅದರಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು.

ರಕ್ತಸಂಬಂಧಿಗಳೂ ಪರೀಕ್ಷಿಸಿಕೊಳ್ಳಬೇಕೆಂದು ತಜ್ಞರು ಹೇಳಿದ್ದಾರೆ. ನನ್ನ ಕಾಯಿಲೆಯನ್ನು ಮೊದಲು ಶಂಕಿಸಿದ ಮಗಳೇ ಅದನ್ನು ಮುಂದೂಡುತ್ತಿದ್ದಾಳೆ. ಈ ಬಾರಿ ಮುಂಬೈಗೆ ಹೋದಾಗ ನಾನೇ ಕರೆದೊಯ್ಯುವವನಿದ್ದೇನೆ. ಅಲ್ಲಿಯವರೆಗೆ ಚಪಾತಿ ಬಿಡಬೇಡವೆಂದು ಹೇಳಿದ್ದೇನೆ.