ಇ-ಸಿಗರೇಟಿನ ಸಾಮರ್ಥ್ಯಮಿತಿ ಮತ್ತು ವಿದ್ಯುತ್ಕೋಶದ ಕ್ಷೇಮ

ದ್ರವವೊಂದನ್ನು ವಿದ್ಯುತ್ತಿನಿಂದ ಕಾಯಿಸಿ, ಅದರಿಂದೇಳುವ ಆವಿಯನ್ನು ಸೇದುವುದಕ್ಕಾಗಿ ನಿರ್ಮಿಸಲ್ಪಟ್ಟ ಉಪಕರಣಕ್ಕೆ ಇ-ಸಿಗರೇಟೆಂದು ಹೆಸರು. ಈಗ ಬಳಕೆಯಲ್ಲಿರುವ ರೂಪಕ್ಕೆ ಮೂಲವಾದುದನ್ನು ೨೦೦೩ರಲ್ಲಿ ಕಲ್ಪಿಸಿದವರು ಚೀನಾ ದೇಶದ ಔಷಧಿಕಾರರಾದ ಹಾನ್ ಲಿಕ್ ಎಂಬವರು. ಮೊದಮೊದಲಿನ ಉಪಕರಣಗಳಲ್ಲಿ ಕಾವಿನ ಪ್ರಮಾಣವು ನಿಯತವಾಗಿದ್ದಿತು. ತರುವಾಯ, ಬಳಸುವವನು ತನ್ನ ಇಚ್ಛೆಯಂತೆ ವಾಟುಗಳನ್ನು ಏರಿಸಿ ಇಳಿಸಬಹುದಾದ ಉಪಕರಣಗಳು ಹುಟ್ಟಿದುವು. ಇವುಗಳ ಮೇಲೆ ಅಚ್ಚಾಗಿರುವ ಗರಿಷ್ಠ ಸಂಖ್ಯೆಯು ಯಾವುದರ ಮಿತಿ? ಉಪಕರಣದ್ದೋ, ಅದರೊಳಗಿನ ವಿದ್ಯುತ್ಕೋಶದ್ದೋ? ಈ ಎರಡನ್ನೂ ಒಂದೆಂದು ಭಾವಿಸುವುದೇ ಹಲವು ಅನರ್ಥಗಳಿಗೆ ಮೂಲವಾಗಿದೆ.

ಮೊದಲು ಪದಗಳ ಅರ್ಥವನ್ನು ನಿಷ್ಕರ್ಷಿಸುವುದು ಅವಶ್ಯಕ. ಕನ್ನಡದಲ್ಲಿ ವಾಟುಗಳಿಂದ ಅಳೆಯುವುದಕ್ಕೂ 'ಸಾಮರ್ಥ್ಯ'ವೆನ್ನುವುದುಂಟು. ಕೋಶವು ಎಷ್ಟು ವಿದ್ಯುತ್ತನ್ನು ಹಿಡಿದಿರುವುದೆಂಬುದಕ್ಕೂ 'ಸಾಮರ್ಥ್ಯ'ವೆನ್ನುವುದುಂಟು. ಇವೆರಡೂ ಬೇರೆ ಬೇರೆ. ಕೆರೆಯಲ್ಲಿ ನಿಂತ ನೀರಿನ ಮೊತ್ತ ಒಂದು; ಅದರ ತೂಬು ಹರಿಯಗೊಡುವ ನೀರು ಮತ್ತೊಂದು. ಕೆರೆ ದೊಡ್ಡದೆಂಬ ಮಾತ್ರಕ್ಕೆ ತೂಬೂ ದೊಡ್ಡದಾಗಿರಬೇಕೆಂಬ ನಿಯಮವಿಲ್ಲ. ಆದುದರಿಂದ ಮೊದಲನೆಯದನ್ನು 'ಧಾರಣೆ'ಯೆಂದೂ, ಎರಡನೆಯದನ್ನು 'ಪ್ರವಾಹಮಿತಿ'ಯೆಂದೂ ಕರೆದು, ವಾಟುಗಳಿಗೆ ಮಾತ್ರ 'ಸಾಮರ್ಥ್ಯ'ವೆಂಬ ಹೆಸರನ್ನು ಉಳಿಸಿಕೊಳ್ಳುವುದು ಲೇಸು. ವಾಸ್ತವವಾಗಿ, ಒಂದೇ ಗಾತ್ರದ ಕೋಶಗಳಲ್ಲಿ ಧಾರಣೆಯು ಹೆಚ್ಚಿದಂತೆಲ್ಲ ಪ್ರವಾಹಮಿತಿಯು ಸಾಮಾನ್ಯವಾಗಿ ತಗ್ಗುವುದು. ದೊಡ್ಡ ಸಂಖ್ಯೆಯನ್ನು ನೋಡಿ ಕೋಶವನ್ನು ಆರಿಸುವವನು ಹೀಗೆ ಮೋಸಹೋಗುತ್ತಾನೆ.

ಈ ಉಪಕರಣಗಳಲ್ಲಿ ಬಹುವಾಗಿ ಬಳಸುವುದು '೧೮೬೫೦' ಎಂಬ ಲಿಥಿಯಂ-ಅಯಾನ್ ಕೋಶ. ೧೮ ಮಿಲಿಮೀಟರು ವ್ಯಾಸ, ೬೫ ಮಿಲಿಮೀಟರು ಉದ್ದವೆಂಬುದೇ ಆ ಹೆಸರಿನ ಅರ್ಥ. ಪೂರ್ಣವಾಗಿ ತುಂಬಿದಾಗ ಅದರ ವಿಭವಾಂತರವು ೪.೨ ವೋಲ್ಟು. ನಿಯಂತ್ರಕವಿಲ್ಲದ ಉಪಕರಣದಲ್ಲಿ ಕೋಶವು ಕಾಯುವ ಸುರುಳಿಗೆ ನೇರವಾಗಿ ಸೇರಿರುವುದರಿಂದ, ಓಮನ ನಿಯಮವೊಂದರಿಂದಲೇ ಎಲ್ಲವೂ ತಿಳಿಯುವುದು. ಸುರುಳಿಯ ರೋಧವು ೦.೫ ಓಮಾದರೆ ಪ್ರವಾಹವು ೮.೪ ಆಂಪಿಯರು, ೦.೨ ಓಮಾದರೆ ೨೧ ಆಂಪಿಯರು, ೦.೧ ಓಮಾದರೆ ೪೨ ಆಂಪಿಯರು. ಕೋಶದ ಪ್ರವಾಹಮಿತಿ ೨೦ ಆಂಪಿಯರಾಗಿದ್ದಲ್ಲಿ ಎರಡನೆಯ ಸುರುಳಿಯೇ ಮಿತಿಯನ್ನು ದಾಟಿತು; ಮೂರನೆಯದಂತೂ ಅದರ ಇಮ್ಮಡಿಯನ್ನು ಮೀರಿತು.

ನಿಯಂತ್ರಕವುಳ್ಳ ಉಪಕರಣದ ರೀತಿ ಬೇರೆ. ಇಲ್ಲಿ ಗೊತ್ತುಮಾಡಿದ ವಾಟುಗಳನ್ನು ನಿಯಂತ್ರಕವು ಹೇಗಾದರೂ ಒದಗಿಸುವುದಾದ್ದರಿಂದ, ಕೋಶದ ಪ್ರವಾಹವನ್ನು ನಿರ್ಣಯಿಸುವುದು ಸುರುಳಿಯ ರೋಧವಲ್ಲ, ಆಯ್ದ ಸಾಮರ್ಥ್ಯ. ಕೋಶವು ಬರಿದಾಗುತ್ತ ಅದರ ವಿಭವಾಂತರ ಇಳಿದಂತೆ, ಅಷ್ಟೇ ವಾಟುಗಳಿಗಾಗಿ ಹೆಚ್ಚು ಪ್ರವಾಹವನ್ನು ಸೆಳೆಯಬೇಕಾಗುವುದು. ಆದಕಾರಣ ಲೆಕ್ಕವನ್ನು ತುಂಬಿದ ಕೋಶದಿಂದಲ್ಲದೆ ಬಳಲಿದ ಕೋಶದಿಂದ ಹಾಕತಕ್ಕದ್ದು. ೨೦ ಆಂಪಿಯರಿನ ಕೋಶವು ೩.೨ ವೋಲ್ಟಿಗೆ ಇಳಿದಿದೆಯೆಂದೂ, ನಿಯಂತ್ರಕದಲ್ಲಿ ನೂರಕ್ಕೆ ಹತ್ತರಷ್ಟು ನಷ್ಟವಿದೆಯೆಂದೂ ಇಟ್ಟುಕೊಂಡರೆ, ಸುರುಳಿಗೆ ನಿರಪಾಯವಾಗಿ ದೊರೆಯುವುದು ೫೭.೬ ವಾಟು ಮಾತ್ರ. ಎರಡು ಕೋಶಗಳಿದ್ದರೆ ಇದು ಇಮ್ಮಡಿಯಾಗುವುದು. ಒಂದೇ ಕೋಶದ ಉಪಕರಣದ ಮೇಲೆ '೧೦೦ ವಾಟು' ಎಂದು ಬರೆದಿದ್ದು, ಅಷ್ಟನ್ನೂ ಸೆಳೆದರೆ, ಬಳಲಿದ ಕೋಶದ ಮೇಲೆ ಸುಮಾರು ೩೫ ಆಂಪಿಯರುಗಳ ಹೊರೆ ಬೀಳುವುದು. ಉಪಕರಣವು ಕೋಶದ ವಿಭವಾಂತರವನ್ನು ಅಳೆಯಬಲ್ಲುದು. ಒಳಗಿಟ್ಟ ಕೋಶದ ಪ್ರವಾಹಮಿತಿ ಎಷ್ಟೆಂಬುದನ್ನು ಅರಿಯಲಾರದು. ಆ ಅರಿವು ಬಳಸುವವನಲ್ಲಿಯೇ ಇರಬೇಕು.

ಮಿತಿಯನ್ನು ಮೀರಿದರೆ ಆಗುವುದೇನು? ಕೋಶಕ್ಕೆ ಅಂತರ್ಗತವಾದ ರೋಧವುಂಟು. ಅದರಲ್ಲಿ ಹುಟ್ಟುವ ಕಾವು ಪ್ರವಾಹದ ವರ್ಗವನ್ನು ಅನುಸರಿಸುವುದು. ಆ ರೋಧವು ೦.೦೨ ಓಮಾದರೆ, ೨೦ ಆಂಪಿಯರಿನಲ್ಲಿ ೮ ವಾಟು ಕಾವು. ೩೫ ಆಂಪಿಯರಿನಲ್ಲಿ ೨೪ ವಾಟಿಗೂ ಮಿಕ್ಕು. ಧನಾಗ್ರ ಋಣಾಗ್ರಗಳನ್ನು ಬೇರ್ಪಡಿಸುವ ತೆಳುವಾದ ಪ್ಲಾಸ್ಟಿಕ್ ತೆರೆಯು ಅತಿಯಾದ ಕಾವಿನಲ್ಲಿ ಕರಗಿ ಕುಗ್ಗುವುದು. ಎರಡೂ ಒಳಗೇ ಸಂಧಿಸುವುವು. ಕಾವಿನಿಂದ ರಾಸಾಯನಿಕ ಕ್ರಿಯೆ, ಆ ಕ್ರಿಯೆಯಿಂದ ಮತ್ತಷ್ಟು ಕಾವು, ಹೀಗೆ ಶಾಖದ ನಿರಂಕುಶವೃದ್ಧಿಯಾಗುವುದು. ಒಳಗಿನ ದ್ರವವು ದಹ್ಯವಾದುದು. ಅನಿಲವನ್ನು ಹೊರಬಿಡಲು ಕೋಶದ ತಲೆಯಲ್ಲಿ ದ್ವಾರವಿದ್ದರೂ, ಉಪಕರಣದ ಕೊಳವೆಯಲ್ಲಿ ಅದಕ್ಕೆ ದಾರಿಯಿಲ್ಲದಿದ್ದರೆ ಕೊಳವೆಯೇ ಸಿಡಿಯುವುದು.

ಅಪಾಯವು ಬಳಕೆಯ ಕಾಲಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಗ್ನಿಶಾಮಕ ಆಡಳಿತವು ೨೦೧೭ರಲ್ಲಿ ಪ್ರಕಟಿಸಿದ ವರದಿಯಲ್ಲಿ, ೨೦೦೯ರಿಂದ ೨೦೧೬ರವರೆಗಿನ ೧೯೫ ಪ್ರಸಂಗಗಳನ್ನು ಕಲೆಹಾಕಲಾಗಿದೆ; ಅವುಗಳಿಂದ ಗಾಯಗೊಂಡವರು ೧೩೩ ಮಂದಿ. ಇವುಗಳಲ್ಲಿ ೬೦ ಪ್ರಸಂಗಗಳು ಸೇದುವಾಗಲೂ, ೪೮ ವಿದ್ಯುತ್ತನ್ನು ತುಂಬುವಾಗಲೂ ಸಂಭವಿಸಿದುವು; ೬೧ರಲ್ಲಿ ಉಪಕರಣವೋ ಬಿಡಿಕೋಶವೋ ಜೇಬಿನಲ್ಲಿದ್ದಿತು. ಜೇಬಿನಲ್ಲಿರುವ ಕೋಶಕ್ಕೆ ಅಪಾಯ ಒದಗುವ ಬಗೆಯು ಸುಲಭವಾಗಿ ತಿಳಿಯತಕ್ಕದ್ದು. ಕೋಶದ ಲೋಹಕವಚವಿಡೀ ಋಣಧ್ರುವ; ತುದಿಯ ಗುಂಡಿ ಧನಧ್ರುವ; ಕವಚಕ್ಕೆ ಮರೆಯಾಗಿರುವುದು ತೆಳು ಹೊದಿಕೆಯೊಂದೇ. ಬೀಗದ ಕೈಯೋ ನಾಣ್ಯವೋ ಎರಡು ಧ್ರುವಗಳನ್ನೂ ಒಟ್ಟಿಗೆ ಮುಟ್ಟಿದರೆ, ಯಾವ ನಿಯಂತ್ರಕದ ತಡೆಯೂ ಇಲ್ಲದೆ ಪ್ರವಾಹವು ಹರಿಯುವುದು. ಹೊದಿಕೆ ಹರಿದ ಕೋಶವನ್ನು ಬಳಸಬಾರದೆಂದೂ, ಬಿಡಿಕೋಶವನ್ನು ಮುಚ್ಚಳದ ಪೆಟ್ಟಿಗೆಯಲ್ಲಿಡಬೇಕೆಂದೂ ಹೇಳುವುದು ಇದಕ್ಕಾಗಿ.

ಭಾರತದಲ್ಲಿ ೨೦೧೯ರ ಶಾಸನವು ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತುಗಳನ್ನು ನಿಷೇಧಿಸಿದೆ. ನಿಷೇಧವಿರುವುದು ಉಪಕರಣಕ್ಕೆ, ಅದೇ ಜಾತಿಯ ಕೋಶವು ಕೈದೀಪಗಳಲ್ಲಿಯೂ ಇತರ ಯಂತ್ರಗಳಲ್ಲಿಯೂ ಮನೆಮನೆಯಲ್ಲಿದೆ. ಅದಕ್ಕೆ ಕನ್ನಡದಲ್ಲಿ ಎಚ್ಚರಿಕೆಯನ್ನು ಬರೆಯುವವರೂ, ಶಾಲೆಯಲ್ಲಿ ಅದನ್ನು ಓದಿಸುವವರೂ ಧಾರಣೆ, ಪ್ರವಾಹಮಿತಿ, ಸಾಮರ್ಥ್ಯಗಳೆಂಬ ಮೂರನ್ನು ಮೂರು ಮಾತುಗಳಿಂದಲೇ ಹೇಳಬೇಕು. ಹಾಗಿಲ್ಲದೆ ಒಂದೇ ಮಾತಿನಿಂದ ಮೂರನ್ನೂ ಹೇಳಿದರೆ, ಓದಿದವನು ಎಚ್ಚರಿಕೆಯನ್ನು ಪಾಲಿಸಿಯೂ ಕೈ ಸುಟ್ಟುಕೊಳ್ಳಬಹುದು.